ಬೀಗಿತ್ತಿಯ ಒಲೆ, ನಮ್ಮ ಬೀದಿಯ ಬೆಂಕಿ

ಹೊರದೇಶಕ್ಕೆ ಹೋಗಿ ಬಂದವರೆಲ್ಲ ಮೊದಲು ಅಲ್ಲಿನ ಚಳಿಯ ಸುದ್ದಿ ತೆಗೆಯುತ್ತಾರೆ. ನಾನು ಮೊದಲು ನನ್ನ ಮೊಮ್ಮಗನ ಸುದ್ದಿ ಹೇಳಿಬಿಡುತ್ತೇನೆ. ಚಳಿ ಎಲ್ಲಿಗೂ ಓಡಿಹೋಗುವುದಿಲ್ಲ. ಅವನ ಕಣ್ಣು ನಮ್ಮ ಕಡೆಯದು, ಕಪ್ಪಗೆ ಮಿಣಮಿಣ. ಕೂದಲು ಅವರ ಕಡೆಯದು, ಮುಸುಕಿನ ಜೋಳದ ನೂಲಿನ ಹಾಗೆ. ಮೂಗು ಮಾತ್ರ ಯಾರ ಕಡೆ ಸೇರಬೇಕೆಂದು ಇನ್ನೂ ತೀರ್ಮಾನ ಮಾಡಿಲ್ಲ. ನಕ್ಕರೆ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ, ಆ ಗುಳಿಯೊಳಗೆ ನಾನು ಬಿದ್ದವಳು ಇನ್ನೂ ಮೇಲೆ ಎದ್ದಿಲ್ಲ. ಓದುವವರಿಗೆ ಬೇಜಾರಾದೀತು ಎಂದು ಇಲ್ಲಿಗೆ ನಿಲ್ಲಿಸುತ್ತೇನೆ. ಪೂರ್ತಿ ನಿಲ್ಲಿಸುತ್ತೇನೆ ಎಂದು ಮಾತು ಕೊಡಲಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬದುಕಿದ್ದು ಊದುಬತ್ತಿ ಹೊಸೆದು. ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು, ಈಗ ಪಿಂಚಣಿ ತೆಗೆದುಕೊಂಡು ವಿಜಯನಗರದ ನಮ್ಮ ಮನೆಯ ಮುಂದೆ ಬೀದಿ ಕಾಯುತ್ತಾರೆ. ಒಬ್ಬಳೇ ಮಗಳು ರೂಪ. ಮೈಸೂರಿಗೆ ಯೋಗ ಕಲಿಯಲು ಬರುವ ಪರದೇಶದವರಿಗೆ ಉಸಿರಾಡುವುದನ್ನು ಹೇಳಿಕೊಡುತ್ತಿದ್ದಳು. ಉಸಿರಾಡುವುದನ್ನೂ ಒಬ್ಬರು ಕಲಿಸಬೇಕೇ ಎಂದು ನಾನು ನಗುತ್ತಿದ್ದೆ. ಹಾಗೆ ಕಲಿಯಲು ಬಂದವನೊಬ್ಬ ಮಾರೆಕ್. ಪೋಲೆಂಡ್ ದೇಶದ ಕ್ರಾಕುವ್ ಎಂಬ ಊರಿನವನು, ಅಲ್ಲಿ ಟ್ರಾಮ್ ಓಡಿಸುತ್ತಾನೆ. ರಸ್ತೆಯಲ್ಲಿ ಕಂಬಿಯ ಮೇಲೆ ಹೋಗುವ ಚಿಕ್ಕ ರೈಲು ಎಂದಿಟ್ಟುಕೊಳ್ಳಿ. ಉಸಿರಾಟ ಕಲಿತ, ಮಗಳನ್ನೂ ಕರೆದುಕೊಂಡು ಹೋದ.

ಹೊರಡುವ ಮುಂಚೆ

ನನ್ನ ಮೊಮ್ಮಗ ದಿನ ತುಂಬುವ ಮುಂಚೆಯೇ ಹುಟ್ಟಿದ. ಅಂಗೈ ಅಗಲದ ಕೂಸು, ಎದೆ ಇನ್ನೂ ಬಲಿತಿರಲಿಲ್ಲ. ಗಂಡಾಂತರ ಕಳೆಯಿತು ಎಂದು ರೂಪ ಫೋನ್ ಮಾಡಿದ ದಿನ ಇಡೀ ಬೀದಿಗೆ ಮೈಸೂರ್ ಪಾಕ್ ಹಂಚಿದೆ. ನಮ್ಮ ಯಜಮಾನರಿಗೆ ಕಿವಿಯ ಆಪರೇಷನ್ ಆಗಿದೆ, ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ನಾನೊಬ್ಬಳೇ ಹೊರಟೆ.

ಗೇಟಿನ ಹತ್ತಿರ ನಿಂತು ಅವರು ಹೇಳಿದರು: "ನೀನ್ ನೋಡ್ಕಂಡ್ ಬಂದ್ರೆ ಸಾಲ್ದು ಕಣೇ. ನಾನೂ ಎತ್ಕೋಬೇಕು. ಮೈಸೂರಿಗೆ ಕರ್ಕಂಡ್ ಬಾ ಅಂತ ರೂಪನ್ನ ಒಪ್ಪಿಸ್ಬುಟ್ಟು ಬಾ."

"ಒಪ್ಪಿಸ್ದೆ ಬಂದ್ರೆ?"

"ಬಸ್ ಸ್ಟ್ಯಾಂಡಲ್ಲೇ ಇಳ್ದು ಕೂತ್ಕೋ. ನಾನ್ ಕರ್ಯೋಕ್ ಬರಲ್ಲ."

ಗಂಡನ ಪ್ರೀತಿ ಹೀಗಿರುತ್ತದೆ.

ಪೆಟ್ಟಿಗೆಯಲ್ಲಿ ಬಟ್ಟೆ ಕಡಿಮೆ, ಬಾಣಂತನದ ಸಾಮಾನು ಹೆಚ್ಚು. ಬಾಣಂತನದ ದಿನ ಕಳೆದುಹೋಗಿದ್ದರೇನಂತೆ, ತಾಯಿ ಮಾಡುವುದನ್ನು ತಾಯಿ ಮಾಡಬೇಕಲ್ಲ? ಹರಳೆಣ್ಣೆ, ಒಣಶುಂಠಿ, ಮೆಂತ್ಯ, ಮಾತು ಬೇಗ ಬರಲೆಂದು ಕೂಸಿಗೆ ನೆಕ್ಕಿಸುವ ಬಜೆ ಬೇರು, ಸಾಂಬ್ರಾಣಿ, ಜೊತೆಗೆ ನಾನೇ ಹೊಸೆದ ಊದುಬತ್ತಿ. ಇಳಿದ ಕಡೆ ಆಫೀಸರ್ ಒಬ್ಬ ಪೆಟ್ಟಿಗೆ ತೆರೆಸಿದ. ಬಗ್ಗಿ ಮೂಸಿದ. ಹಿಂದಿನ ಸಾಲಿನವರೂ ಕತ್ತು ಉದ್ದ ಮಾಡಿ ಮೂಸಿದರು. ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ಎರಡು ಕೈ ಸೇರಿಸಿ ಕೂಸು ತೂಗುವ ಹಾಗೆ ತೂಗಿ ತೋರಿಸಿದೆ. ಅವನ ಗಂಟುಮುಖ ಸಡಿಲವಾಯಿತು. ಬಜೆ ಬೇರನ್ನು ಮಾತ್ರ ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಟ್ಟ. ಅವನ ಮನೆಯಲ್ಲೂ ಮಾತು ತಡವಾದ ಕೂಸೊಂದು ಇರಬೇಕು.

ಇಳಿದ ಬೆಳಿಗ್ಗೆ

ಅಳಿಯ ಹೊರಗೆ ಕಾಯುತ್ತಿದ್ದ. ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಮಾರೆಕ್ ಕನ್ನಡ ಕಲಿತದ್ದು ನಮ್ಮಿಂದಲ್ಲ, ಮೈಸೂರಿನ ಆಟೋದವರಿಂದ.

"ಬನ್ನಿ ಅತ್ತೆ, ಕೂತ್ಕಳಿ. ಲಗೇಜ್ ಎಷ್ಟದೆ?" ಎಂದ.

"ನಿಮ್ಮನೇಗೆ ಬರ್ತೀಯೇನಪ್ಪ?" ಎಂದು ನಾನೂ ಕೇಳಿದೆ.

"ಬರ್ತೀನಿ. ಆದ್ರೆ ಆ ಕಡೆಯಿಂದ ಖಾಲಿ ಬರ್ಬೇಕು ಅತ್ತೆ, ನೋಡ್ಕೊಂಡು ಕೊಡಿ."

ನಕ್ಕು ನಕ್ಕು ನನ್ನ ಪ್ರಯಾಣದ ಸುಸ್ತು ಇಳಿದುಹೋಯಿತು.

ಹೊರಗೆ ಬಂದರೆ ಊರೇ ಕಾಣದು. ಎಲ್ಲಾ ಕಡೆ ಬೆಳ್ಳಗೆ ಮುಸುಕಿದೆ. ನಾನು ಕಣ್ಣು ಮುಚ್ಚಿ, ಮಗಳು ಹೇಳಿಕೊಡುವ ಹಾಗೆ ಉದ್ದಕ್ಕೆ ಉಸಿರು ಎಳೆದುಕೊಂಡೆ. "ಆಹಾ, ಮಡಿಕೇರಿ ಮಂಜು ಇದ್ದಂಗದೆ ಕಣಪ್ಪ!" ಅಷ್ಟರಲ್ಲಿ ಗಂಟಲಲ್ಲಿ ಮೆಣಸಿನಕಾಯಿ ಒಗ್ಗರಣೆ ಹೊಕ್ಕ ಹಾಗಾಗಿ ಕೆಮ್ಮಿದೆ.

"ಮಂಜು ಅರ್ಧ ಅತ್ತೆ," ಎಂದ ಮಾರೆಕ್. "ಬಾಕಿ ಅರ್ಧ ಹೊಗೆ."

ಹಿಮ ಎಂದರೆ ಈಗ ತಾನೇ ತುರಿದ ಕೊಬ್ಬರಿಯ ಹಾಗಿರುತ್ತದೆ ಎಂದುಕೊಂಡು ಬಂದಿದ್ದೆ. ಮರದ ಕೊಂಬೆಯ ಮೇಲೆ ಹಾಗೇ ಇತ್ತು. ರಸ್ತೆ ಪಕ್ಕದ್ದು ಮಾತ್ರ ಪಾತ್ರೆ ತೊಳೆಯಲು ಇಟ್ಟ ಬೂದಿಯ ಬಣ್ಣ. ಬೆರಳಿನಿಂದ ಮುಟ್ಟಿದರೆ ಬೆರಳಿಗೆ ಮಸಿ. ಇಷ್ಟು ದೂರ ಬಂದು, ಮುಟ್ಟಿದ ಮೊದಲನೇ ಹಿಮದಲ್ಲೇ ಕೈ ಕಪ್ಪಾಯಿತು.

ಅಲ್ಲಿಯ ಜನರ ಒಂದು ರೂಢಿ ನನಗೆ ಬಹಳ ಹಿಡಿಸಿತು. ನಾವು ಹೊರಡುವ ಮುಂಚೆ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತೇವಲ್ಲ, ಅವರು ಫೋನಿನಲ್ಲಿ ಗಾಳಿ ನೋಡುತ್ತಾರೆ. ಹಸಿರು ಬಂದರೆ ಕಿಟಕಿ ತೆರೆ, ಮಕ್ಕಳನ್ನು ಆಡಲು ಬಿಡು. ಕೆಂಪು ಬಂದರೆ ಮುಚ್ಚು. ನೇರಳೆ ಬಂದರೆ ಮನೆಯಲ್ಲೇ ಬಿದ್ದಿರು. ಮೆಟ್ಟಿಲಲ್ಲಿ ಇಬ್ಬರು ಸಿಕ್ಕರೆ ಊಟ ಆಯಿತೇ ಎಂದು ಕೇಳುವುದಿಲ್ಲ, ಇವತ್ತು ಯಾವ ಬಣ್ಣ ಎಂದು ಕೇಳುತ್ತಾರೆ. ರಾಹುಕಾಲಕ್ಕಾದರೂ ಒಂದು ಗೊತ್ತಾದ ಹೊತ್ತಿದೆ. ಇವರದು ದಿನವಿಡೀ ಬಂದರೂ ಬಂತು.

ಮನೆಗೆ ಹೋದವಳೇ ತೊಟ್ಟಿಲಿಗೆ ನುಗ್ಗಿದೆ. ರೂಪ ಅಡ್ಡ ನಿಂತಳು. "ಮೊದ್ಲು ಸ್ವೆಟರ್ ತೆಗ್ದು ಹೊರ್ಗಡೆ ಹಾಕಮ್ಮ. ಕೈ ತೊಳಿ. ಆಮೇಲ್ ಎತ್ಕೋ."

"ಯಾಕೆ, ನಾನೇನ್ ಗದ್ದೆ ಕೆಸ್ರಿಂದ ಎದ್ದು ಬಂದಿದ್ದೀನಾ?"

"ಹೊಗೆಯಿಂದ ಬಂದಿದ್ದೀಯ."

ತೆಗೆದೆ, ತೊಳೆದೆ, ಎತ್ತಿಕೊಂಡೆ. ಆಮೇಲೆ ಏನಾಯಿತು ಎಂದು ಬರೆಯಲು ನಾಲ್ಕನೇ ಕ್ಲಾಸಿನ ಕನ್ನಡ ಸಾಲದು. ಡಿಗ್ರಿ ಮಾಡಿದ್ದರೂ ಸಾಲುತ್ತಿರಲಿಲ್ಲ. ಕೂಸು ನನ್ನ ಮುಖ ನೋಡಿತು, ಮೂಗುತಿ ನೋಡಿತು, ಮೂಗುತಿಯೇ ವಾಸಿ ಎಂದು ತೀರ್ಮಾನಿಸಿ ಅದನ್ನೇ ಹಿಡಿದು ಜಗ್ಗಿತು.

ಎಣ್ಣೆ ನೀರಿನ ದಿನ

ನಮ್ಮಲ್ಲಿ ಕೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯದಿದ್ದರೆ ಅದು ಸ್ನಾನವೇ ಅಲ್ಲ. ನೆತ್ತಿಯ ನೀರು ಆರಬೇಕು, ಶೀತ ಇಳಿಯಬೇಕು, ಕೂಸು ಗಡದ್ದಾಗಿ ನಿದ್ದೆ ಹೊಡೆಯಬೇಕು. ರೂಪನಿಗೂ ಹಾಗೆ ಮಾಡಿದ್ದೆ. ಊದುಬತ್ತಿ ಹೊಸೆದು ಬೆಳೆಸಿದ ಮಗಳಿಗೆ ಹೊಗೆಯ ಪಾಠ ನಾನು ಹೇಳಬೇಕಿಲ್ಲ ಎಂದುಕೊಂಡೆ, ಹೇಳದೆಯೇ ಶುರು ಮಾಡಿದೆ.

ಅವಳು ಕೂಸನ್ನು ಕೋಣೆಯೊಳಗೆ ಒರೆಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಬಟ್ಟಲು ಸಾಂಬ್ರಾಣಿ ಹಚ್ಚಿ, ಚೆನ್ನಾಗಿ ಹೊಗೆಯಾಡಲಿ ಎಂದು ಹಾಳೆ ಬೀಸಿದೆ. ಮೂಲೆಯಲ್ಲಿ ಹಿಟ್ಟಿನ ಡಬ್ಬದಂಥ ಒಂದು ಯಂತ್ರ ಇತ್ತು. ಮನೆಯ ಗಾಳಿ ಸೋಸುವುದಂತೆ, ಗಾಳಿ ಚೆನ್ನಾಗಿದ್ದರೆ ನೀಲಿ ದೀಪ. ನಾನು ಬೀಸುತ್ತಿದ್ದ ಹಾಗೇ ಅದರ ದೀಪ ಕೆಂಪಾಗಿ ಗಿರಣಿ ಥರ ಮೊರೆಯತೊಡಗಿತು. ಅದರ ಬಾಯಿ ಮುಚ್ಚಿಸಲು ಟವೆಲ್ ಹುಡುಕುತ್ತಿದ್ದೆ, ಅಷ್ಟರಲ್ಲಿ ಸೂರಿನಲ್ಲಿ ಹೊಗೆ ಕಾಯುವ ಇನ್ನೊಂದು ಯಂತ್ರ ಕಿಟಾರನೆ ಕಿರುಚಿತು. ಒಂದು ಮೊರೆತ, ಒಂದು ಕಿರುಚು, ನಡುವೆ ಹಾಳೆ ಹಿಡಿದ ನಾನು.

ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಮುದುಕಿ ಬಂದಿದ್ದಳು. ಗಾಳಿ ಮೂಸಿ, ಕೈಯನ್ನು ಹಣೆಗೆ, ಎದೆಗೆ, ಭುಜಕ್ಕೆ ಮುಟ್ಟಿಸಿಕೊಂಡು ಮೆಲ್ಲಗೆ ಏನೋ ಕೇಳಿದಳು. ರೂಪ ಕಿಟಕಿ ತೆರೆದು, ಸಾಂಬ್ರಾಣಿಯ ಮೇಲೆ ನೀರು ಸುರಿದು, ಆಮೇಲೆ ನನಗೆ ಅರ್ಥ ಹೇಳಿದಳು. "ಯಾರಾದ್ರೂ ಸತ್ರೆ ಅವ್ರ ಚರ್ಚಲ್ಲೂ ಇದೇ ಹಾಕ್ತಾರಮ್ಮ. ಯಾರ್ ಹೋಗ್ಬುಟ್ರು ಅಂತ ಕೇಳ್ತಾವ್ರೆ."

ಮುದುಕಿಗೆ ಯಾರೂ ಹೋಗಿಲ್ಲವೆಂದು ತಿಳಿಸಿ, ಒಂದು ಶುಂಠಿ ಕಾಫಿ ಕುಡಿಸಿ ಕಳಿಸಿದೆವು. ಆಮೇಲೆ ಮಗಳು ನನ್ನ ಎದುರು ಕೂತಳು.

"ನಂಗೂ ಹಾಕಿದ್ದೆ, ನಿಂಗೂ ನಿಮ್ಮಮ್ಮ ಹಾಕಿದ್ರು, ನಾವೇನ್ ಸತ್ತೋದ್ವಾ ಅಂತೀಯ. ಅಲ್ವಾ?"

"ನಾನ್ ಅನ್ನೋಕ್ ಮುಂಚೆ ನೀನೇ ಅಂದ್ಬುಟ್ಯಲ್ಲ."

ಅವಳು ನಗಲಿಲ್ಲ. "ಇವ್ನ ಎದೆ ನಮ್ಮ ಥರ ಅಲ್ಲಮ್ಮ. ಮೂರು ಸಲ ಆಸ್ಪತ್ರೆಗೆ ಎತ್ಕೊಂಡ್ ಓಡಿದ್ದೀನಿ. ಹೊಗೆ ಕಣ್ಣಿಗೆ ಕಾಣೋದು ಸ್ವಲ್ಪ. ಕಾಣ್ದೇ ಇರೋ ಧೂಳು ನೇರ ಎದೆಗೇ ಇಳೀತದೆ. ಒಂದು ವರ್ಷ ಹೊಗೆ ತಾಗಿಸ್ಬೇಡಿ ಅಂದವ್ರೆ ಡಾಕ್ಟ್ರು."

ಬಟ್ಟಲಿನ ನೆಂದ ಸಾಂಬ್ರಾಣಿಯನ್ನು ಕಸದ ಡಬ್ಬಕ್ಕೆ ಸುರಿದೆ. ಆದರೂ ಬಂದ ಕೆಲಸ ಬಿಡುವಂತಿಲ್ಲವಲ್ಲ. "ಅದಕ್ಕೇ ಅಂತೀನಿ, ಮೈಸೂರಿಗೆ ಕರ್ಕಂಡ್ ಬಾ. ಅಲ್ಲಿ ಗಾಳಿ ಚೆಂದಾಗದೆ."

"ಯಾವ ಗಾಳಿ? ಬೆಳಿಗ್ಗೆ ಎದ್ದು ಅಪ್ಪ ಹಚ್ತಾರಲ್ಲ, ಆ ಗಾಳಿನಾ?"

ಇದೊಂದು ಹೇಳಬೇಕು. ನಮ್ಮ ಮನೆಯ ಪಕ್ಕ ಒಂದು ಖಾಲಿ ಸೈಟಿದೆ. ಬೆಳಿಗ್ಗೆ ಯಜಮಾನರು ಬೀದಿಯ ಹೊಂಗೆ ಎಲೆಯನ್ನೆಲ್ಲ ಗುಡಿಸಿ ಅಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಎಲೆಯ ಜೊತೆ ಹಾಲಿನ ಕವರು, ಹರಿದ ಚಪ್ಪಲಿ, ಯಾರದೋ ಹಾಸಿಗೆಯ ಹತ್ತಿ, ಸಿಕ್ಕಿದ್ದೆಲ್ಲ. ನಂಜಪ್ಪನವರೂ ಸೇರಿ ಬೀದಿಯ ರಿಟೈರ್ ಆದ ಗಂಡಸರೆಲ್ಲ ಸುತ್ತ ಕೂತು ಕೈ ಕಾಯಿಸಿಕೊಳ್ಳುತ್ತಾ ದೇಶದ ಆಡಳಿತ ನಡೆಸುತ್ತಾರೆ. ಬೀದಿ ಸ್ವಚ್ಛ ಮಾಡುತ್ತಿದ್ದೇವೆ ಎಂದೇ ಅವರೆಲ್ಲ ನಂಬಿದ್ದಾರೆ. ನಾನೂ ನಂಬಿದ್ದೆ.

"ಅದು ನಿಲ್ಲೋವರ್ಗೂ ನಾನ್ ಕರ್ಕಂಡ್ ಬರಲ್ಲಮ್ಮ," ಎಂದಳು ರೂಪ. "ಬೇಜಾರ್ ಮಾಡ್ಕೋಬೇಡ. ಮಾರೆಕ್ ಅಮ್ಮನ ಮನೇಗೂ ಇನ್ನೂ ಕರ್ಕಂಡ್ ಹೋಗಿಲ್ಲ."

ದೊಡ್ಡ ಚೌಕ

ಹಸಿರು ಬಂದ ದಿನ ಮಾರೆಕ್ ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದ. ಊರ ನಡುವೆ ಒಂದು ಚೌಕ, ನಮ್ಮ ಅರಮನೆ ಮೈದಾನ ನೆನಪಾಗುವಷ್ಟು ದೊಡ್ಡದು. ಅಲ್ಲಿ ಕುದುರೆಗಾಡಿಗಳಿವೆ! ನಮ್ಮ ಟಾಂಗಾ ಎಲ್ಲಿ, ಅವು ಎಲ್ಲಿ. ಕುದುರೆಗಳ ತಲೆಗೆ ಗರಿ, ಓಡಿಸುವ ಹೆಂಗಸರಿಗೆ ಟೋಪಿ. ನಮ್ಮ ಟಾಂಗಾ ಕುದುರೆ ಕಂಡರೆ ಇವು ಮಾತಾಡಿಸಲಿಕ್ಕಿಲ್ಲ. ನೀಲಿ ಗಾಡಿಯಲ್ಲಿ ಬಳೆಯಂಥ ಬ್ರೆಡ್ಡು ಮಾರುತ್ತಾರೆ. ಒಂದು ಕೊಂಡು ಅಭ್ಯಾಸ ಬಲದಿಂದ ಕೈಗೆ ಹಾಕಿಕೊಂಡು ನೋಡಿದೆ. ಮಾರುವವಳು ನಕ್ಕು ಇನ್ನೊಂದು ಕೈಗೂ ಒಂದು ತೊಡಿಸಿದಳು. ಬಳೆಗಾರ ಯಾವ ದೇಶದಲ್ಲಿದ್ದರೇನು, ಒಂದೇ ಕೈಗೆ ತೊಡಿಸಿ ಕಳಿಸುವುದಿಲ್ಲ.

ಒಂದು ಹಳೆಯ ಚರ್ಚಿನ ಮುಂದೆ ಕಲ್ಲಿನ ಸಂತರು ಸಾಲಾಗಿ ನಿಂತಿದ್ದರು. ಕೆಲವರದು ಹೊಸ ಕಲ್ಲು. ಪಕ್ಕದ ಗೋಡೆಯ ಮೇಲಿನ ಹಳೆಯ ಬೊಂಬೆಗಳಿಗೆ ಮೂಗಿಲ್ಲ, ಬೆರಳು ಸವೆದಿವೆ.

"ಯಾರಪ್ಪ ಒಡ್ದೋರು?" ಎಂದೆ.

"ಯಾರೂ ಒಡ್ದಿಲ್ಲ ಅತ್ತೆ. ಮಳೆ ತಿಂತು." ಅವನು ಕೈ ಆಡಿಸುತ್ತಾ ವಿವರಿಸಿದ. ಕಾರ್ಖಾನೆ, ಮನೆ ಮನೆಯ ಕಲ್ಲಿದ್ದಲ ಒಲೆ, ಎಲ್ಲದರ ಹೊಗೆ ಮೋಡಕ್ಕೆ ಸೇರುತ್ತದೆ. ಮಳೆ ಹುಳಿಯಾಗುತ್ತದೆ. "ನೀವು ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ಉಜ್ತೀರಲ್ಲ, ಅಂಗೆ. ದಿನಾ ಉಜ್ಜಿದ್ರೆ ಚೊಂಬು ಉಳೀತದಾ?"

"ಕಲ್ಲನ್ನೇ ತಿನ್ನೋದು ಮರ ಬುಡ್ತದಾ?"

"ಬುಡಲ್ಲ. ಗುಡ್ಡದ ಕಡೆ ಎಲೆ ಉದ್ರೋಯ್ತು, ಹೊಳೆ ಮೀನೂ ಕಮ್ಮಿ ಆಯ್ತು ಅಂತ ನಮ್ ತಾತ ಹೇಳೋರು."

ಈ ಊರು ಬೋಗುಣಿಯ ಹಾಗಿದೆಯಂತೆ. ಸುತ್ತ ದಿಬ್ಬ, ನಡುವೆ ಹೊಳೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ತಳದಲ್ಲಿ ಕೂತು, ಬೆಚ್ಚನೆಯದು ಮೇಲೆ ತಟ್ಟೆ ಮುಚ್ಚಿದ ಹಾಗೆ ಮುಚ್ಚಿಕೊಂಡರೆ ಹೊಗೆ ಹೊರಗೆ ಹೋಗದು. ಅದಕ್ಕೇ ಊರೊಳಗೆ ಕಲ್ಲಿದ್ದಲು, ಸೌದೆ ಉರಿಸುವಂತಿಲ್ಲ ಎಂದು ಕಾನೂನು ಮಾಡಿದ್ದಾರೆ. ಆಮೇಲೆ ಎಷ್ಟೋ ವಾಸಿಯಂತೆ.

"ಅಂಗಾರೆ ಈ ಹೊಗೆ ಎಲ್ಲಿಂದ ಬತ್ತದೆ?"

ಮಾರೆಕ್ ದಿಬ್ಬದ ಕಡೆ ಕೈ ತೋರಿಸಿದ. "ಸುತ್ತಿನ ಹಳ್ಳಿಯಿಂದ ಅತ್ತೆ. ಅಲ್ಲಿ ಇನ್ನೂ ಎಷ್ಟೋ ಮನೇಲಿ ಹಳೇ ಒಲೆ. ನಮ್ಮಮ್ಮಂದೇ ಒಂದದೆ."

ನನಗೆ ಚಾಮುಂಡಿಬೆಟ್ಟ ನೆನಪಾಯಿತು. ನಮ್ಮ ಮನೆಯ ಮಹಡಿಯಿಂದ ಬೆಟ್ಟಕ್ಕೆ ಕೈ ಮುಗಿಯುವವಳು ನಾನು. ಈಚೆಗೆ ಚಳಿಗಾಲದ ಎಷ್ಟೋ ಬೆಳಿಗ್ಗೆ ಬೆಟ್ಟ ಕಾಣುವುದಿಲ್ಲ, ಅಂದಾಜಿನ ಮೇಲೆ ಮುಗಿಯುತ್ತೇನೆ. ಕಣ್ಣಿಗೆ ಪೊರೆ ಬಂತೇನೋ ಎಂದು ಆಸ್ಪತ್ರೆಗೂ ಹೋಗಿ ಬಂದೆ. ಕಣ್ಣು ಸರಿಯಾಗಿದೆ ಎಂದು ಡಾಕ್ಟರು ಹೇಳಿದಾಗ ಖುಷಿಪಟ್ಟಿದ್ದೆ. ರಿಂಗ್ ರೋಡಿನ ಗಿಡಗಳ ಎಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುತ್ತದೆ. ಅದನ್ನು ದಿನಾ ನೋಡಿದ್ದೆ. ಎಲೆಯೂ ಉಸಿರಾಡಬೇಕಲ್ಲ ಎಂದು ಯೋಚಿಸಿದ್ದು ಮಾತ್ರ ಅಲ್ಲಿ, ಆ ಮೂಗಿಲ್ಲದ ಸಂತರ ಮುಂದೆ ನಿಂತಾಗ.

ಬೀಗಿತ್ತಿಯ ಹಳ್ಳಿ

ಮಾರೆಕ್‌ನ ತಾಯಿಯ ಹೆಸರು ಹಲೀನಾ. ನನಗೆ ಬೀಗಿತ್ತಿ. ಕೂಸು ನೋಡಲು ಬಸ್ಸು ಹಿಡಿದು ಬರುತ್ತಾಳೆ. ಕಲ್ಲಿದ್ದಲ ವಾಸನೆಯ ಕೋಟನ್ನು ಮೆಟ್ಟಿಲಲ್ಲೇ ಬಿಚ್ಚಿಟ್ಟು, ಸೊಸೆಯ ಮನೆಯಲ್ಲಿಟ್ಟ ಬೇರೆ ಬಟ್ಟೆ ಹಾಕಿಕೊಂಡೇ ಕೂಸನ್ನು ಮುಟ್ಟುವುದು. ಆಗ ಅವಳ ಮುಖ ನೋಡಬೇಕು. ಮಡಿ ಮಾಡಿಸಿದರೆ ನಮ್ಮ ಮುಖವೂ ಹಾಗೇ ಆಗುತ್ತದೆ. ತೊಟ್ಟಿಲಿಗೆ ಅವಳು ದೃಷ್ಟಿಗೆಂದು ಕೆಂಪು ರಿಬ್ಬನ್ ಕಟ್ಟಿದ್ದಳು. ನಾನು ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟಿದ್ದೆ. ಅವಳು ಬೊಟ್ಟು ನೋಡಿದಳು, ನಾನು ರಿಬ್ಬನ್ ನೋಡಿದೆ, ಇಬ್ಬರಿಗೂ ಇಬ್ಬರೂ ಅರ್ಥವಾದೆವು.

ಅವಳು ಊಟಕ್ಕೆ ಕರೆದಳು. ಕೂಸು ರೂಪನ ಹತ್ತಿರ ಉಳಿಯಿತು, ನಾನೂ ಮಾರೆಕ್ ಇಬ್ಬರೇ ಹೋದೆವು. ಬಾಗಿಲಲ್ಲಿ ನಾನು ಕೈ ಚಾಚಿದೆ, ಅವಳು ತನ್ನ ಕೈ ಹಿಂದಕ್ಕೆ ಎಳೆದುಕೊಂಡು ತಲೆ ಅಲ್ಲಾಡಿಸಿದಳು. ಏನು ತಪ್ಪಾಯಿತಪ್ಪ ಎಂದು ನಾನು ಬೆವರಿದೆ. ಅವಳು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು, ಆಮೇಲೆ ತಬ್ಬಿಕೊಂಡಳು. ಹೊಸ್ತಿಲ ಮೇಲೆ ಕೈ ಕೊಡಬಾರದಂತೆ! ನಾವೂ ಹೊಸ್ತಿಲ ಮೇಲೆ ಕೊಟ್ಟು ತೆಗೆದುಕೊಳ್ಳುವುದಿಲ್ಲವಲ್ಲ. ಇಷ್ಟು ದೂರ ಹಾರಿಕೊಂಡು ಹೋಗಿ, ನಮ್ಮತ್ತೆಯ ಬೈಗುಳದ ಮನೆಗೇ ಬಂದ ಹಾಗಾಯಿತು.

ಒಳಗೆ ಆ ಒಲೆ. ಒಲೆಯೆಂದರೆ ಅಡುಗೆಯ ಒಲೆಯಲ್ಲ, ಮನೆ ಬೆಚ್ಚಗಿಡುವ ಒಲೆ. ಸೂರು ಮುಟ್ಟುವಷ್ಟು ಎತ್ತರ, ಮೈತುಂಬ ಹಸಿರು ಹೆಂಚು, ಬೀರುವಿನ ಹಾಗೆ ನಿಂತಿದೆ. ಅವಳ ಮಾವ ಕಟ್ಟಿಸಿದ್ದಂತೆ. ಅದರ ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಎಣ್ಣೆ ನೀರು ಹಾಕಿಸಿಕೊಂಡ ಸುಖ. ಅವಳು ಅದರ ಬಾಯಿ ತೆರೆದು ಕಲ್ಲಿದ್ದಲು ಹಾಕಿದಳು, ಹಾಲಿನ ಡಬ್ಬ ಹಾಕಿದಳು, ಕಿತ್ತುಹೋದ ಒಂದು ಚಪ್ಪಲಿಯನ್ನೂ ಹಾಕಿದಳು. ನಮ್ಮ ಯಜಮಾನರು ಸೀರೆ ಉಟ್ಟು ನಿಂತ ಹಾಗೆ ಕಂಡಿತು.

ಕಡುಬು ಬಡಿಸಿದಳು. ಕಡುಬೇ, ನೀವೇನೇ ಹೇಳಿ. ಒಳಗೆ ಕಾಯಿ ಬೆಲ್ಲದ ಬದಲು ಆಲೂಗೆಡ್ಡೆ. ಕಿಟಕಿಯಾಚೆ ಅವಳ ಸೇಬಿನ ಮರ, ತೊಗಟೆ ಇದ್ದಿಲಿನ ಬಣ್ಣ. ಬುಡದ ಹಿಮದ ಮೇಲೆ ರಾಗಿಹಿಟ್ಟು ಜರಡಿ ಹಿಡಿದಂತೆ ಮಸಿ ಉದುರಿದೆ. ಆ ಹಿಮ ಕರಗಿದರೆ ಮಸಿಯೆಲ್ಲ ಮಣ್ಣಿಗೆ. ಆ ಮಣ್ಣಲ್ಲೇ ಅವಳು ಬೇಸಿಗೆಯಲ್ಲಿ ಮೊಮ್ಮಗನಿಗೆಂದು ಕ್ಯಾರೆಟ್ ಬೆಳೆಯಬೇಕೆಂದಿದ್ದಾಳೆ.

ಕಲ್ಲಿದ್ದಲು ಬೇಡದೆ ಮನೆ ಕಾಯಿಸುವ ಹೊಸ ಯಂತ್ರವನ್ನು ಮಾರೆಕ್ ಆಗಲೇ ತಂದುಕೊಟ್ಟಿದ್ದ. ಅದು ಕೊಟ್ಟಿಗೆಯಲ್ಲಿ ಕಟ್ಟು ಬಿಚ್ಚದೆ ನಿಂತಿದೆ, ಮೇಲೆ ಈರುಳ್ಳಿ ಒಣಗಿಸುತ್ತಾಳೆ.

ನಾನು ಅಳಿಯನಿಗೆ ಹೇಳಿದೆ: "ಒಲೆ ಯಾಕ್ ಕೀಳಿಸಲ್ಲ ಅಂತ ಕೇಳಪ್ಪ. ಕೂಸು ಬೇಡ್ವಂತಾ?"

ಅವನು ಕೇಳಿದ. ಅವಳು ಚಮಚ ಕೆಳಗಿಟ್ಟು ಉದ್ದಕ್ಕೆ ಏನೋ ಹೇಳಿದಳು. ಮಾರೆಕ್ ಕನ್ನಡಕ್ಕೆ ತಂದ: "ನಿಮ್ಮ ಗಂಡ ಅಲ್ಲಿ ರೋಡಲ್ಲಿ ಚಪ್ಪಲಿ ಸುಡ್ತಾರಂತೆ, ರೂಪ ಹೇಳವ್ಳೆ. ಮೊದ್ಲು ಅವ್ರು ನಿಲ್ಲಿಸ್ಲಿ ಅಂತಾವ್ರೆ ಅತ್ತೆ."

ಎಲಾ ಬೀಗಿತ್ತಿ! ನಾನು ಅಲ್ಲೇ ಯಜಮಾನರಿಗೆ ವಿಡಿಯೋ ಕಾಲ್ ಮಾಡಿಸಿದೆ. ಅವರು ಮಗುವಿರಬೇಕೆಂದು ಮುಖವೆಲ್ಲ ಹಲ್ಲಾಗಿ ಬಂದರು. ನನ್ನನ್ನು ಕಂಡು ಹಲ್ಲು ಒಳಗೆ ಹೋಯಿತು.

"ರೀ, ನಾಳೆಯಿಂದ ನೀವು ಬೆಂಕಿ ಹಾಕಂಗಿಲ್ಲ."

"ಅಂಗಂದ್ರೆ? ಎಲೆ ಏನ್ ಮಾಡ್ಲಿ, ಪಲ್ಯ ಮಾಡ್ಲಾ?"

"ಗುಂಡಿ ತೋಡಿ ಹಾಕಿ. ಗೊಬ್ರ ಆಯ್ತದೆ."

"ಚಳಿಗೆ ನಾವೆಲ್ಲಿ ಕೂತ್ಕಳದು? ನಂಜಪ್ಪ ಏನಂದಾನು? ಸೊಳ್ಳೆ ಬತ್ತವಲ್ಲೇ?"

"ಸೊಳ್ಳೆ ಬೇಕಾ, ಮೊಮ್ಮಗ ಬೇಕಾ?"

ಬೀಗಿತ್ತಿ ನನ್ನ ಭುಜದ ಹಿಂದಿನಿಂದ ಕತ್ತು ಹಾಕಿ ಅವರನ್ನೇ ನೋಡುತ್ತಿದ್ದಳು. ಯಜಮಾನರು ತಲೆಯ ಟವೆಲ್ ತೆಗೆದು ಸರಿಯಾಗಿ ಕೂತರು. ಹೆಂಡತಿಯ ಮಾತಿಗೆ ಜಗ್ಗದವರು ಬೀಗಿತ್ತಿಯ ಎದುರು ಏನು ಮಾಡಿಯಾರು? "ಆಯ್ತು ಬುಡು. ನಾನ್ ಬೆಂಕಿ ಹಚ್ಚಲ್ಲ. ಅವರಿಗೂ ಹೇಳು, ಒಲೆ ಕಿತ್ತಾಕ್ಲಿ," ಎಂದರು.

ಮಾರೆಕ್ ಹೇಳಿದ. ಹಲೀನಾ ಎದ್ದು ಹೋಗಿ ಒಲೆಯ ಮೈ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದಳು. ತಿರುಗಿದಾಗ ಅವಳ ಕಣ್ಣು ಒದ್ದೆ. ಆದರೂ ತಲೆ ಆಡಿಸಿದಳು.

ಒಲೆ ಕಿತ್ತ ದಿನ

ಕೆಲಸದವರು ಬಂದು ಒಂದೊಂದೇ ಹೆಂಚು ಬಿಚ್ಚಿದರು. ಬೀಗಿತ್ತಿ ನನ್ನ ಕೈ ಬಿಡಲಿಲ್ಲ. ಗೋಡೆಯ ಪಟ ತೆಗೆದಾಗ ಅದರ ಹಿಂದೆ ಮಾತ್ರ ಬಿಳಿ ಚೌಕ, ಸುತ್ತಲೆಲ್ಲ ಕಂದು. ಅವಳು ಆ ಬಿಳಿಯನ್ನು ಬೆರಳಿಂದ ಮುಟ್ಟಿ ನೋಡಿ ಬಾಯಿ ಮುಚ್ಚಿಕೊಂಡಳು. ತನ್ನ ಮನೆಯ ಗೋಡೆಯ ಬಣ್ಣವೇ ಅವಳಿಗೆ ಮರೆತುಹೋಗಿತ್ತು. ನಾವಿಬ್ಬರೂ ಸೇರಿ ಸೋಪು ನೀರಲ್ಲಿ ಗೋಡೆ ಉಜ್ಜಿದೆವು, ಪರದೆ ಒಗೆದೆವು. ಅವಳು ಅವಳ ಭಾಷೆಯಲ್ಲಿ ಸೊಸೆಯನ್ನು ದೂರಿದಳು, ನಾನು ನನ್ನ ಭಾಷೆಯಲ್ಲಿ ಗಂಡನನ್ನು ದೂರಿದೆ. ಮಾತು ತಿಳಿಯದಿದ್ದರೂ ಹೂಂಗುಟ್ಟುವುದರಲ್ಲಿ ಇಬ್ಬರೂ ತಪ್ಪಲಿಲ್ಲ.

ಗಾಳಿ ಹಸಿರು ತೋರಿಸಿದ ಒಂದು ಮಧ್ಯಾಹ್ನ ರೂಪ ಕೂಸನ್ನು ಎತ್ತಿಕೊಂಡು ಆ ಮನೆಗೆ ಬಂದಳು. ಹಲೀನಾ ಕೈ ತೊಳೆದು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬಾಗಿಲಲ್ಲಿ ಕಾಯುತ್ತಿದ್ದಳು. ಈ ಸಲ ಯಾರೂ ಅವಳಿಗೆ ಬಟ್ಟೆ ಬದಲಿಸು ಎನ್ನಲಿಲ್ಲ. ಸೊಸೆ ನೇರವಾಗಿ ಕೂಸನ್ನು ಅವಳ ತೋಳಿಗೆ ಕೊಟ್ಟಳು. ಅವಳು ಮುತ್ತಿಟ್ಟ ಅಬ್ಬರಕ್ಕೆ ನನ್ನ ಕಪ್ಪು ಬೊಟ್ಟು ಅವಳ ಗಲ್ಲಕ್ಕೆ ಬಂತು.

ನಾನು ಮಗಳ ಕಿವಿಯಲ್ಲಿ ಕೇಳಿದೆ, "ಮೈಸೂರು?"

"ಮಳೆಗಾಲದಲ್ಲಿ ಬರ್ತೀನಿ. ಆಗ ಗಾಳಿನೂ ತೊಳ್ದಂಗಿರ್ತದೆ. ಆದ್ರೆ ಒಂದಿನ ಹೊಗೆ ಕಂಡ್ರೂ ಮಾರನೇ ದಿನ ವಾಪಸ್. ಅಪ್ಪನಿಗೆ ಹೇಳ್ಬುಡು."

ವಿಜಯನಗರ

ಊರಿಗೆ ಬಂದೆ. ಬಸ್ ಸ್ಟ್ಯಾಂಡಿಗೇ ಯಜಮಾನರು ಬಂದಿದ್ದರು. ಆಟೋದಲ್ಲಿ ಪಕ್ಕ ಕೂತಾಗ ಅವರ ಶರಟು ಮೂಸಿದೆ. ಹೊಗೆ!

"ನಾನ್ ಹಚ್ಚಿಲ್ಲ ಕಣೇ, ಆಣೆಗೂ. ನಂಜಪ್ಪ ಹಚ್ತಾನೆ. ನಾನ್ ಸುಮ್ನೆ ಪಕ್ದಲ್ಲಿ ಕೂತಿರ್ತೀನಿ."

ಹಚ್ಚುವುದಿಲ್ಲ ಎಂದಷ್ಟೇ ತಾನೇ ಮಾತು ಕೊಟ್ಟಿದ್ದು. ಕಂಡಕ್ಟರ್ ಬುದ್ಧಿ. ನಾನು ಜಗಳ ಆಡಲಿಲ್ಲ. ಬೀಗಿತ್ತಿಯ ಮನೆಯ ವಿಡಿಯೋ ತೋರಿಸಿದೆ. ಒಲೆ ಇದ್ದ ಜಾಗ ಬೋಳು, ಅಲ್ಲಿ ನಿಂತು ಹಲೀನಾ ಕೂಸು ಎತ್ತಿಕೊಂಡು ಕುಣಿಯುತ್ತಿದ್ದಾಳೆ. ಯಜಮಾನರು ಅದನ್ನು ಮತ್ತೆ ಮತ್ತೆ ನೋಡಿದರು. ಮಾರನೇ ಬೆಳಿಗ್ಗೆ ಹಾರೆ ಹಿಡಿದು ಖಾಲಿ ಸೈಟಿಗೆ ಹೋಗಿ ಗುಂಡಿ ತೋಡತೊಡಗಿದರು.

ಎರಡು ಮನೆ ಆಚೆಯ ನಂಜಪ್ಪ ರಿಟೈರ್ಡ್ ಗುಮಾಸ್ತರು, ಮನೆಯ ಮುಂದೆ ಪೊರಕೆ ಹಿಡಿದು ನಿಂತು ನಕ್ಕರು. "ಏನ್ ಕಂಡಕ್ಟರೇ, ಪೋಲೆಂಡಿಂದ ಆರ್ಡರ್ ಬಂತಾ?"

"ಬಂತು ಕಣಯ್ಯ. ನಿಂಗೂ ಬಂದದೆ."

"ನಮ್ಮನೆ ಮುಂದ್ಲ ಎಲೆ ನಾನ್ ಸುಡ್ತೀನಿ, ನಿಮ್ಗೇನ್ರೀ?"

"ನಿನ್ನ ಹೊಗೆ ನಿಮ್ಮನೇಲೇ ಇರ್ತದಾ? ಗೇಟ್ ಹಾಕ್ಕೊಂಡು ನಿಲ್ಲಿಸ್ಕೋತೀಯಾ? ಅಂಗಿದ್ರೆ ಸುಡಪ್ಪ."

ಅಷ್ಟರಲ್ಲಿ ಒಳಗಿಂದ ನಂಜಪ್ಪನವರ ಹೆಂಡತಿ ಪುಟ್ಟಮ್ಮ ಬಂದು ಪೊರಕೆ ಕಿತ್ತುಕೊಂಡರು. "ಒಗ್ದು ಹಾಕಿದ್ ಬಟ್ಟೆ ಎಲ್ಲಾ ಚಪ್ಪಲಿ ನಾತ. ನನ್ ಕೆಮ್ಮಿಗೆ ಔಷಧಿ ತರೋರು ನೀವೇ, ಕೆಮ್ಮು ತರೋರೂ ನೀವೇಯಾ. ಹೋಗಿ, ಅವ್ರ ಜೊತೆ ಮಣ್ಣು ಎಳೀರಿ."

ಅಷ್ಟಾದರೂ ಎಲ್ಲ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಲೆ ಗುಂಡಿಗೆ ಹೋಯಿತು, ಆದರೆ ಹಾಲಿನ ಕವರಿಗೆ ಕಸದ ಗಾಡಿ ಬರುವವರೆಗೆ ಕಾಯುವ ತಾಳ್ಮೆ ಕಲಿಯಲು ಬೀದಿಗೆ ಬೇಸಿಗೆಯೆಲ್ಲ ಹಿಡಿಯಿತು. ಹಿಂದಿನ ರಸ್ತೆಯಲ್ಲಿ ಮನೆ ಕಟ್ಟುವವರ ಧೂಳಿಗೆ ಯಜಮಾನರು ಹೋಗಿ ಗಲಾಟೆ ಮಾಡಿ ಪರದೆ ಕಟ್ಟಿಸಿದರು. ಊದುಬತ್ತಿ ಹೊಸೆಯುವುದನ್ನು ನಾನು ಬಿಟ್ಟಿಲ್ಲ, ಅದು ನನ್ನ ಅನ್ನ. ದೇವರಿಗೆ ಒಂದು ಹಚ್ಚುತ್ತೇನೆ, ಮೊದಲಿನ ಹಾಗೆ ಕಟ್ಟುಗಟ್ಟಲೆ ಅಲ್ಲ. ದೇವರು ಇದುವರೆಗೆ ಏನೂ ಅಂದಿಲ್ಲ.

ಮಳೆ ಹಿಡಿದ ವಾರ ರೂಪ, ಮಾರೆಕ್, ಕೂಸು ಮೂವರೂ ಬಂದರು. ಅವತ್ತು ಯಜಮಾನರು ಬೆಳಕು ಹರಿಯುವ ಮುಂಚೆಯೇ ಎದ್ದು ಬೀದಿಯ ಎರಡೂ ತುದಿಗೆ ಹೋಗಿ ಮೂಸಿ ಬಂದಿದ್ದರು. ಕಾರು ನಿಂತಾಗ ಗೇಟು ತೆಗೆದು ಹಿಡಿದು ನಿಂತರು. ರೂಪ ಗೇಟಿನಲ್ಲಿ ನಿಂತು ಗಾಳಿ ನೋಡಿದಳು. ಹಸಿ ಮಣ್ಣಿನ ವಾಸನೆ, ಯಾರ ಮನೆಯದೋ ಹುಳಿಯ ಒಗ್ಗರಣೆ, ಬೇರೇನೂ ಇಲ್ಲ. ಅವಳು ಟೋಪಿ ಬಿಚ್ಚಿ, ಕೂಸನ್ನು ಅಪ್ಪನ ತೋಳಿಗೆ ಇಟ್ಟಳು.

ಕೂಸು ಅವರ ಮುಖ ನೋಡಿತು. ತುಟಿ ಸೊಟ್ಟ ಮಾಡಿತು. ಆಮೇಲೆ ಶುರು ಮಾಡಿತು ನೋಡಿ, ಅಳು! ಮಾರೆಕ್ ಎರಡೂ ಕೈಯಲ್ಲಿ ಸೂಟ್‌ಕೇಸ್ ಹಿಡಿದು ನಿಂತೇಬಿಟ್ಟ. ಪುಟ್ಟಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಓಡಿ ಬಂದರು. ನಂಜಪ್ಪ ಮಹಡಿಯಿಂದ ಇಣುಕಿದರು.

"ಯಾಕೇ ಅಳ್ತಾನೆ? ನಾನೇನ್ ಮಾಡ್ದೆ? ತಗೋ, ತಗೋ," ಎಂದು ಯಜಮಾನರು ಗಾಬರಿಯಾಗಿ ಮಗಳ ಕಡೆ ಚಾಚಿದರು.

ರೂಪ ಕೈ ನೀಡಲಿಲ್ಲ. ಕಣ್ಣು ಮುಚ್ಚಿ ಆ ಅಳುವನ್ನೇ ಕೇಳುತ್ತಿದ್ದಳು. ಅವಳ ಮುಖದಲ್ಲಿ ನಗು ಮೆಲ್ಲಗೆ ಹತ್ತುತ್ತಿತ್ತು.

"ಅಳ್ಲಿ ಬುಡಪ್ಪ," ಎಂದಳು. "ಇಷ್ಟು ಜೋರಾಗಿ ಅವ್ನು ಯಾವತ್ತೂ ಅತ್ತಿಲ್ಲ. ಎದೆ ತುಂಬ ಉಸಿರು ತಗೊಂಡು ಅಳ್ತಾವ್ನೆ."